ತಲೆಬುರುಡೆ ಬೇಡ, ದಾರಿ ಬರೆಯಿರಿ: ಎಚ್‌ಐವಿ ಪೋಸ್ಟರ್ ತಯಾರಿಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮಲ್ಲಿ ಯಾರ ಹೆಸರೂ ನನಗೆ ಗೊತ್ತಿಲ್ಲ. ಪೋಸ್ಟರ್ ಬರೆದವರ ಹೆಸರು ಪೋಸ್ಟರಿನಲ್ಲಿ ಇರುವುದಿಲ್ಲ ನೋಡಿ. ಆದರೆ ನಿಮ್ಮ ಬರಹ ನನಗೆ ಬಾಯಿಪಾಠ. ನಾನು ಎಚ್‌ಐವಿ ಪರೀಕ್ಷೆ ಮಾಡುವ ಕೇಂದ್ರವೊಂದರಲ್ಲಿ ಕೌನ್ಸೆಲರ್. ನನ್ನ ಮೇಜಿನ ಎದುರಿನ ಗೋಡೆಯಲ್ಲಿ ನಿಮ್ಮ ಪೋಸ್ಟರ್ ಇದೆ. ಕಪ್ಪು ಹಿನ್ನೆಲೆ, ನಡುವೆ ಒಂದು ತಲೆಬುರುಡೆ, ಮೂಲೆಯಲ್ಲಿ ಕೆಂಪು ರಿಬ್ಬನ್. "ಏಡ್ಸ್ ಮಾರಕ ರೋಗ. ಅಸುರಕ್ಷಿತ ಸಂಪರ್ಕದಿಂದ, ದೇಹದ್ರವಗಳಿಂದ ಹರಡುತ್ತದೆ. ಎಚ್ಚರ!" ಇಷ್ಟೇ. ಕೆಳಗೆ ಸಣ್ಣ ಅಕ್ಷರದಲ್ಲಿ "ಹೆಚ್ಚಿನ ಮಾಹಿತಿಗೆ ಸಂಪರ್ಕಿಸಿ". ಮೇಲೆ ಸಂಪರ್ಕದಿಂದ ರೋಗ ಬರುತ್ತದೆ ಅಂತೀರಿ, ಕೆಳಗೆ ನೀವೇ ಸಂಪರ್ಕಿಸಿ ಅಂತೀರಿ. ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಆ ರಿಬ್ಬನ್ ಬಗ್ಗೆಯೂ ಒಂದು ಮಾತು. 1991ರಲ್ಲಿ ನ್ಯೂಯಾರ್ಕಿನ ಕೆಲವು ಕಲಾವಿದರು ಸೇರಿ ಅದನ್ನು ರೂಪಿಸಿದರು. ಸೋಂಕಿರುವವರ ಜೊತೆ ನಾವಿದ್ದೇವೆ ಅಂತ ಹೇಳುವುದಕ್ಕೆ. ಅದರ ಪಕ್ಕದಲ್ಲೇ ತಲೆಬುರುಡೆ ಇಟ್ಟು, ಜೊತೆಗಿದ್ದೇವೆ ಅಂದರೆ ಯಾರು ನಂಬುತ್ತಾರೆ?

ಈ ಪೋಸ್ಟರ್ ಓದಿದ ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಅವರಿಗೆ ಸೋಂಕಿದೆ ಎಂದು ಗೊತ್ತಾಗಿ ಎಂಟು ತಿಂಗಳಾಗಿತ್ತು. ಒಂದು ದಿನವೂ ಮಾತ್ರೆ ತಪ್ಪಿಸಿದವರಲ್ಲ. ನಾಲ್ಕು ವರ್ಷದ ಮಗಳಿಗೂ ಪರೀಕ್ಷೆ ಮಾಡಿಸಿದ್ದರು, ಅವಳಿಗೆ ಸೋಂಕಿಲ್ಲ. ಅವತ್ತು ಮಾತೆಲ್ಲ ಮುಗಿಸಿ ಎದ್ದವರು ಬಾಗಿಲ ಹತ್ತಿರ ನಿಂತುಬಿಟ್ಟರು. ಚೀಲದ ದಾರವನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಆಮೇಲೆ ಕೇಳಿದರು.

"ಮೇಡಂ, ಅವಳು ನಿದ್ದೆ ಮಾಡಿದ ಮೇಲೆ ಹಣೆಗೆ ಒಂದು ಮುತ್ತು ಕೊಡಬಹುದಾ? ಕೂದಲ ಮೇಲೆ ಕೊಟ್ಟರೂ ಸಾಕು."

ಎಂಟು ತಿಂಗಳಿಂದ ಕೊಟ್ಟಿರಲಿಲ್ಲವಂತೆ. ಮಗಳ ಹಾಸಿಗೆ ಬೇರೆ, ಟವೆಲ್ ಬೇರೆ, ಬಾಚಣಿಗೆ ಬೇರೆ. ಜ್ವರ ಬಂದಾಗ ಮಗು ಮಡಿಲಿಗೆ ಬಂದರೆ ಎತ್ತಿ ದೂರ ಕೂರಿಸಿದ್ದರಂತೆ. ಹೀಗೆ ಮಾಡಿ ಅಂತ ಯಾರು ಹೇಳಿದರು ಎಂದು ಕೇಳಿದೆ. ಅವರು ಗೋಡೆಯ ಕಡೆ ಕೈ ತೋರಿಸಿದರು. "ಸಂಪರ್ಕ ಅಂತ ಬರೆದಿದೆಯಲ್ಲ."

ತಪ್ಪು ನನ್ನದೂ ಇದೆ. ಎಂಟು ತಿಂಗಳಲ್ಲಿ ಅವರ ಜೊತೆ ಎಷ್ಟೋ ಸಲ ಮಾತಾಡಿದ್ದೆ. ಮಾತ್ರೆ, ರಕ್ತ ಪರೀಕ್ಷೆ, ಮುಂದಿನ ತಾರೀಕು ಎಲ್ಲ ಹೇಳಿದ್ದೆ. ಮಗುವನ್ನು ಮುದ್ದಾಡಬಹುದು ಅಂತ ಬಾಯಿಬಿಟ್ಟು ಹೇಳಿರಲಿಲ್ಲ. ಅದು ಹೇಳಬೇಕಾದ ಮಾತು ಅಂತಲೇ ನನಗೆ ಹೊಳೆದಿರಲಿಲ್ಲ. ನಾನು ಹೇಳದೆ ಬಿಟ್ಟ ಜಾಗವನ್ನು ನಿಮ್ಮ ಪೋಸ್ಟರ್ ತುಂಬಿತ್ತು. ಅದಕ್ಕೇ ಈ ಪತ್ರ. ನಿಮ್ಮ ಮೂರು ಪದಗಳ ಬಗ್ಗೆ ನನ್ನ ತಕರಾರಿದೆ: ಸಂಪರ್ಕ, ದೇಹದ್ರವ, ಮಾರಕ.

ಸಂಪರ್ಕದಿಂದಲೇ ಶುರು ಮಾಡೋಣ.

ನೀವು ಹೇಳಬೇಕಿದ್ದದ್ದು ಲೈಂಗಿಕ ಸಂಪರ್ಕ. "ಲೈಂಗಿಕ" ಎಂಬ ಪದಕ್ಕೆ ನಾಚಿ ಅದನ್ನು ಬಿಟ್ಟಿರಿ. ಉಳಿದ "ಸಂಪರ್ಕ"ಕ್ಕೆ ನಮ್ಮ ಭಾಷೆಯಲ್ಲಿ ಮುಟ್ಟುವುದು, ಒಡನಾಟ, ಫೋನ್ ಮಾಡುವುದು ಎಲ್ಲ ಅರ್ಥವೂ ಇದೆ. ಒಂದು ಪದದ ಸಂಕೋಚಕ್ಕೆ ಆ ಮಗು ಎಂಟು ತಿಂಗಳು ಅಮ್ಮನ ಮಡಿಲು ಕಳೆದುಕೊಂಡಿತು. ನಿಮಗೆ ಬರೆಯಲು ನಾಚಿಕೆಯಾದರೆ ನಾನು ಬರೆಯುತ್ತೇನೆ. ಕಾಂಡೋಮ್ ಇಲ್ಲದ ಯೋನಿ ಸಂಭೋಗದಿಂದ ಹರಡುತ್ತದೆ. ಕಾಂಡೋಮ್ ಇಲ್ಲದ ಗುದ ಸಂಭೋಗದಿಂದ ಅದಕ್ಕಿಂತ ಸುಲಭವಾಗಿ ಹರಡುತ್ತದೆ. ಬಾಯಿಯ ಮೂಲಕ ನಡೆಯುವ ಲೈಂಗಿಕ ಕ್ರಿಯೆಯಲ್ಲಿ ಅಪಾಯ ತೀರಾ ಕಡಿಮೆ. ನೋಡಿ, ಬರೆದಾಯಿತು. ಆಕಾಶ ಏನೂ ಬೀಳಲಿಲ್ಲ.

ಗುದ ಸಂಭೋಗದಲ್ಲಿ ಅಪಾಯ ಯಾಕೆ ಜಾಸ್ತಿ ಅನ್ನುವುದನ್ನೂ ಜನ ಕೇಳುತ್ತಾರೆ. ಕೆಲವರು ಅದು ಪಾಪಕ್ಕೆ ಶಿಕ್ಷೆ ಅಂತಲೂ ತಿಳಿದಿರುತ್ತಾರೆ. ವೈರಸ್‌ಗೆ ಪಾಪ ಪುಣ್ಯ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಗೋಡೆ ಎಷ್ಟು ದಪ್ಪ ಅನ್ನುವುದು ಮಾತ್ರ. ಯೋನಿಯ ಒಳಮೈಯಲ್ಲಿ ಜೀವಕೋಶಗಳು ಹಲವು ಪದರಗಳಾಗಿ ಕೂತಿರುತ್ತವೆ. ಗುದನಾಳದ ಒಳಮೈಗೆ ಇರುವುದು ಒಂದೇ ತೆಳು ಪದರ. ಅದು ಬೇಗ ಬಿರಿಯುತ್ತದೆ. ಅದರ ಕೆಳಗೇ ವೈರಸ್‌ಗೆ ಬೇಕಾದ ಕಣಗಳು ದಂಡಿಯಾಗಿರುತ್ತವೆ. ಹಾಗಾಗಿ ಅಲ್ಲಿ ಒಳನುಗ್ಗುವುದು ಸಲೀಸು. ಗಂಡು ಹೆಣ್ಣಿನ ನಡುವೆ ನಡೆದರೂ ಅಷ್ಟೇ, ಗಂಡು ಗಂಡಿನ ನಡುವೆ ನಡೆದರೂ ಅಷ್ಟೇ.

ಅಂಕಿಗಳನ್ನೂ ಹೇಳಿಬಿಡುತ್ತೇನೆ. ಸಂಗಾತಿಗೆ ಸೋಂಕಿದೆ, ಚಿಕಿತ್ಸೆ ಇಲ್ಲ, ಕಾಂಡೋಮ್ ಇಲ್ಲ ಅಂತಿಟ್ಟುಕೊಳ್ಳಿ. ಗುದ ಸಂಭೋಗದಲ್ಲಿ ಒಳಗೆ ಪಡೆಯುವವರಿಗೆ 10,000 ಸಲಕ್ಕೆ ಸುಮಾರು 138 ಸಲ ಸೋಂಕು ತಗಲುತ್ತದೆ. ಯೋನಿ ಸಂಭೋಗದಲ್ಲಿ ಹೆಣ್ಣಿಗೆ ಸುಮಾರು 8, ಗಂಡಿಗೆ ಸುಮಾರು 4. ಇದನ್ನು ಕೇಳಿ ಒಬ್ಬ ಹುಡುಗ "ಇಷ್ಟೇನಾ?" ಅಂತ ಕುರ್ಚಿಗೆ ಒರಗಿದ. ಒರಗುವಂಥದ್ದಲ್ಲ. ಇದು ಸರಾಸರಿ ಲೆಕ್ಕ. ಸಂಗಾತಿಗೆ ಸೋಂಕು ತಗಲಿ ಕೆಲವೇ ವಾರ ಆಗಿದ್ದರೆ, ಇಬ್ಬರಲ್ಲಿ ಒಬ್ಬರಿಗೆ ಗುಪ್ತಾಂಗದಲ್ಲಿ ಹುಣ್ಣು ಇದ್ದರೆ, ಲೆಕ್ಕ ತಲೆಕೆಳಗಾಗುತ್ತದೆ. ಒಂದೇ ಸಲಕ್ಕೆ ತಗಲಿದವರೂ ಇದ್ದಾರೆ, ವರ್ಷಗಟ್ಟಲೆ ಜೊತೆಗಿದ್ದೂ ತಗಲದವರೂ ಇದ್ದಾರೆ. ಗಂಡನಿಗಿದ್ದು ಹೆಂಡತಿಗೆ ಇಲ್ಲದಿದ್ದರೆ, ಅಥವಾ ಅವಳಿಗಿದ್ದು ಅವನಿಗಿಲ್ಲದಿದ್ದರೆ, ಮನೆಯವರು ಮೊದಲು ಮಾಡುವುದು ನಡತೆಯ ವಿಚಾರಣೆ. ಈ ಅಂಕಿಗಳನ್ನು ಹೇಳಿ ಅಂಥ ಎಷ್ಟು ವಿಚಾರಣೆಗಳನ್ನು ನಿಲ್ಲಿಸಿದ್ದೇನೋ ಲೆಕ್ಕವಿಲ್ಲ.

ಲೈಂಗಿಕ ದಾರಿ ಬಿಟ್ಟರೆ ಉಳಿಯುವುದು ಎರಡು. ಒಂದು ರಕ್ತ. ಸೋಂಕಿರುವ ರಕ್ತ ಏರಿಸಿದರೆ ಸೋಂಕು ತಗಲುವುದು ಹೆಚ್ಚುಕಡಿಮೆ ಖಚಿತ. 1985ರಲ್ಲಿ ರಕ್ತ ಪರೀಕ್ಷೆ ಬಂದ ಮೇಲೆ, ಸರಿಯಾಗಿ ತಪಾಸಣೆ ಮಾಡುವ ಕಡೆಯೆಲ್ಲ ಈ ದಾರಿ ಬಹುಮಟ್ಟಿಗೆ ಮುಚ್ಚಿತು. ಆದರೆ ಒಬ್ಬರು ಚುಚ್ಚಿಕೊಂಡ ಸಿರಿಂಜನ್ನೇ ಇನ್ನೊಬ್ಬರು ಚುಚ್ಚಿಕೊಳ್ಳುವುದು ನಿಂತಿಲ್ಲ. ಸಿರಿಂಜಿನ ಒಳಗೆ ಗಾಳಿ ಆಡುವುದಿಲ್ಲ, ರಕ್ತ ಬೇಗ ಒಣಗುವುದಿಲ್ಲ, ಅದಕ್ಕೇ ಅಲ್ಲಿ ವೈರಸ್ ಜಾಸ್ತಿ ದಿನ ಉಳಿಯುತ್ತದೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವಾಗ ಅಕಸ್ಮಾತ್ ಸೂಜಿ ಚುಚ್ಚಿಕೊಂಡರೆ? 1,000ಕ್ಕೆ ಸುಮಾರು 3. ಅದೇ ಸೂಜಿಯಿಂದ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ, ಲಸಿಕೆ ಹಾಕಿಸಿಕೊಳ್ಳದವರಿಗೆ, ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆದರೂ ಆಸ್ಪತ್ರೆಯಲ್ಲಿ ಯಾರೂ ಹೆಪಟೈಟಿಸ್ ಹೆಸರಿಗೆ ಹಿಂದೆ ಸರಿಯುವುದನ್ನು ನಾನು ಕಂಡಿಲ್ಲ.

ಇನ್ನೊಂದು ದಾರಿ ತಾಯಿಯಿಂದ ಮಗುವಿಗೆ: ಗರ್ಭದಲ್ಲಿ, ಹೆರಿಗೆಯ ಹೊತ್ತಿನಲ್ಲಿ, ಎದೆಹಾಲಿನಲ್ಲಿ. ಏನೂ ಮಾಡದೆ ಬಿಟ್ಟರೆ 100ರಲ್ಲಿ 15ರಿಂದ 45 ಮಕ್ಕಳಿಗೆ ತಗಲುತ್ತದೆ. ತಾಯಿ ಹೊತ್ತಿಗೆ ಸರಿಯಾಗಿ ಚಿಕಿತ್ಸೆ ತೆಗೆದುಕೊಂಡರೆ ಅದು 5ಕ್ಕಿಂತ ಕೆಳಗೆ ಇಳಿಯುತ್ತದೆ. ಗರ್ಭ ನಿಲ್ಲುವ ಮೊದಲಿನಿಂದಲೇ ವೈರಸ್ ಹತೋಟಿಯಲ್ಲಿದ್ದರೆ ಇನ್ನೂ ಎಷ್ಟೋ ಕಡಿಮೆ. ನನ್ನ ಮೇಜಿನ ಡ್ರಾಯರ್‌ನಲ್ಲಿ ಇಂಥ ಮಕ್ಕಳ ಫೋಟೋಗಳಿವೆ. ತಾಯಂದಿರೇ ತಂದು ಕೊಟ್ಟದ್ದು. ಗೋಡೆಗೆ ಹಾಕುವ ಹಾಗಿಲ್ಲ, ಗುರುತು ಸಿಗುತ್ತದೆ. ಅದಕ್ಕೇ ಡ್ರಾಯರ್.

ಈಗ ನಿಮ್ಮ ಎರಡನೇ ಪದ, ದೇಹದ್ರವ. ಇದನ್ನು ಓದಿದವರಿಗೆ ಮೊದಲು ನೆನಪಾಗುವುದು ಬೆವರು, ಎಂಜಲು, ಕಣ್ಣೀರು. ಮೂರರಿಂದಲೂ ಎಚ್‌ಐವಿ ಹರಡುವುದಿಲ್ಲ. ಮೂತ್ರದಿಂದಲೂ ಇಲ್ಲ, ಸಿಂಬಳದಿಂದಲೂ ಇಲ್ಲ. ಹರಡುವಷ್ಟು ವೈರಸ್ ಇರುವುದು ರಕ್ತ, ವೀರ್ಯ, ವೀರ್ಯಕ್ಕೆ ಮುಂಚೆ ಬರುವ ಅಂಟು ದ್ರವ, ಯೋನಿಯ ಸ್ರಾವ, ಗುದನಾಳದ ಸ್ರಾವ, ಎದೆಹಾಲು ಇವುಗಳಲ್ಲಿ. ಆರು ಹೆಸರು. ತಲೆಬುರುಡೆ ಬಿಡಿಸಿದ ಜಾಗದಲ್ಲಿ ಆರೂ ದಪ್ಪಕ್ಷರದಲ್ಲಿ ಹಿಡಿಸುತ್ತಿತ್ತು.

ಈ ದ್ರವ ಸುಮ್ನೆ ಚರ್ಮಕ್ಕೆ ತಾಗಿದರೂ ಏನಾಗುವುದಿಲ್ಲ. ಗಾಯವಿಲ್ಲದ ಚರ್ಮ ಒಳ್ಳೆಯ ಕೋಟೆ. ವೈರಸ್ ರಕ್ತನಾಳಕ್ಕೆ ನೇರವಾಗಿ ಸೇರಬೇಕು, ಇಲ್ಲವೇ ಯೋನಿ, ಗುದ, ಶಿಶ್ನದ ತುದಿಯ ತೆಳು ಒಳಪೊರೆಗಳನ್ನೋ ತೆರೆದ ಗಾಯವನ್ನೋ ದಾಟಬೇಕು. ದಾಟಿ ಅದು ಹುಡುಕುವುದು ಸಿಡಿ4 ಎಂಬ ಬಿಳಿ ರಕ್ತಕಣವನ್ನು. ಕಾಯಿಲೆ ಬಂದಾಗ "ಶತ್ರು ಬಂದ, ಏಳಿ" ಅಂತ ಬೇರೆ ಕಣಗಳನ್ನು ಎಬ್ಬಿಸುವ ಕಾವಲುಗಾರ ಇದು. ಎಚ್‌ಐವಿ ಹೋಗಿ ಈ ಕಾವಲುಗಾರನ ಮನೆಯಲ್ಲೇ ಠಿಕಾಣಿ ಹೂಡುತ್ತದೆ. ತನ್ನ ಆರ್‌ಎನ್‌ಎಯನ್ನು, ಅಂದರೆ ತನ್ನ ವಂಶವಾಹಿ ಬರಹವನ್ನು, ಡಿಎನ್‌ಎಯಾಗಿ ಬರೆದುಕೊಂಡು, ಕಣದ ಸ್ವಂತ ಡಿಎನ್‌ಎ ಒಳಗೆ ಹೊಲಿದುಬಿಡುತ್ತದೆ. ಆಮೇಲೆ ಆ ಕಣವೇ ವೈರಸ್ ತಯಾರಿಸುವ ಕಾರ್ಖಾನೆ. ಕೆಲವು ಕಣಗಳಲ್ಲಿ ಅದು ಏನೂ ಮಾಡದೆ ವರ್ಷಗಟ್ಟಲೆ ಮಲಗಿರುತ್ತದೆ. ಮಲಗಿರುವುದನ್ನು ಮಾತ್ರೆ ಮುಟ್ಟಲಾರದು. ಮಾತ್ರೆ ನಿಲ್ಲಿಸಿದರೆ ಅದು ಎದ್ದು ಬರುತ್ತದೆ. ಮಾತ್ರೆಯನ್ನು ಜೀವನಪೂರ್ತಿ ತೆಗೆದುಕೊಳ್ಳಿ ಅನ್ನುವುದು ಇದಕ್ಕೇ.

ಸೊಳ್ಳೆಯ ಪ್ರಶ್ನೆ ಕೇಳದ ದಿನವೇ ಇಲ್ಲ. ಒಳ್ಳೆಯ ಪ್ರಶ್ನೆ ಅದು, ಯಾರೂ ನಗಬೇಡಿ. ಸೊಳ್ಳೆ ರಕ್ತ ಕುಡಿಯುತ್ತದೆ, ಇನ್ನೊಬ್ಬರನ್ನು ಕಚ್ಚುತ್ತದೆ, ಮಲೇರಿಯಾ ಹರಡುತ್ತದೆ, ಹಾಗಾದರೆ ಇದು ಯಾಕಿಲ್ಲ? ಸೊಳ್ಳೆ ಕಚ್ಚುವಾಗ ನಮ್ಮೊಳಗೆ ಬಿಡುವುದು ತನ್ನ ಎಂಜಲನ್ನು, ಹಿಂದೆ ಕುಡಿದ ರಕ್ತವನ್ನಲ್ಲ. ಮಲೇರಿಯಾದ ಪರಾವಲಂಬಿ ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆದು ಅದರ ಎಂಜಲಿಗೆ ಬರುತ್ತದೆ. ಎಚ್‌ಐವಿಗೆ ಬೆಳೆಯಲು ಬೇಕಾದ ಕಣ ಸೊಳ್ಳೆಯಲ್ಲಿ ಇಲ್ಲವೇ ಇಲ್ಲ. ಕುಡಿದ ರಕ್ತದ ಜೊತೆ ಅದೂ ಜೀರ್ಣವಾಗಿ ಹೋಗುತ್ತದೆ. ಇಷ್ಟು ಹೇಳಿದ ಮೇಲೆ ಮತ್ತೆ ಅದೇ ಪ್ರಶ್ನೆಯೊಂದಿಗೆ ಬಂದವರನ್ನು ನಾನು ನೋಡಿಲ್ಲ. "ಸೊಳ್ಳೆಯಿಂದ ಹರಡುವುದಿಲ್ಲ" ಅಂತ ಬರೀ ಹೇಳಿದಾಗ ಮಾತ್ರ ಅನುಮಾನ ಉಳಿಯುತ್ತದೆ. ಯಾಕೆ ಅನ್ನುವುದನ್ನು ಸೇರಿಸಿ ನೋಡಿ, ಒಂದೇ ಸಾಲು ಸಾಕು.

ಈ ವೈರಸ್ ದೇಹದ ಹೊರಗೆ ಬಲು ಬಡಪಾಯಿ. ರಕ್ತ ಒಣಗುತ್ತಿದ್ದಂತೆ ಕೆಲವೇ ಗಂಟೆಗಳಲ್ಲಿ 100ಕ್ಕೆ 90ರಿಂದ 99 ಪಾಲು ನಿಷ್ಕ್ರಿಯವಾಗುತ್ತದೆ. ಶೌಚಾಲಯದ ಸೀಟು, ಬಾಗಿಲ ಹಿಡಿ, ಲೋಟ, ತಟ್ಟೆ, ಬಟ್ಟೆ, ಈಜುಕೊಳ ಯಾವುದರಿಂದಲೂ ಬರುವುದಿಲ್ಲ. ಇದು ಹೊಸ ವಿಷಯವೇನೂ ಅಲ್ಲ. 1981ರಲ್ಲಿ ಮೊದಲ ವರದಿ ಬಂತು, 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ವೈರಸ್ ಸಿಕ್ಕಿತು. ಕೈ ಕುಲುಕಿದರೆ, ಒಟ್ಟಿಗೆ ಕೂತರೆ ಬರುವುದಿಲ್ಲ ಅನ್ನುವುದು ಅದಾದ ಸ್ವಲ್ಪ ಸಮಯದಲ್ಲೇ ವೈದ್ಯರಿಗೆ ಸ್ಪಷ್ಟವಾಗಿತ್ತು. 1987ರಲ್ಲಿ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ರಾಜಕುಮಾರಿ ಡಯಾನಾ ಗ್ಲೌಸ್ ಇಲ್ಲದೆ ಒಬ್ಬ ರೋಗಿಯ ಕೈ ಕುಲುಕಿದ್ದು ಪ್ರಪಂಚಕ್ಕೆಲ್ಲ ಸುದ್ದಿಯಾಯಿತು. ಒಂದು ಕೈಕುಲುಕು ಸುದ್ದಿಯಾಗುವಂಥ ಕಾಲ ಅದು. ಅಷ್ಟು ವರ್ಷ ಕಳೆದ ಮೇಲೂ ನನ್ನ ಎದುರು ಒಬ್ಬ ತಾಯಿ ಮಗಳ ಕೂದಲಿಗೆ ಮುತ್ತಿಡಲು ಅನುಮತಿ ಕೇಳುತ್ತಾರೆ.

ಮೂರನೆಯದು, ಮಾರಕ ರೋಗ. ಇದರಲ್ಲಿ ಎರಡು ತಪ್ಪಿದೆ.

ಮೊದಲನೆಯದು ಸಣ್ಣದು. ಏಡ್ಸ್ ಹರಡುವುದಿಲ್ಲ, ಹರಡುವುದು ಎಚ್‌ಐವಿ. ಚಿಕಿತ್ಸೆ ಇಲ್ಲದೆ ಸಾಮಾನ್ಯವಾಗಿ ಎಂಟು ಹತ್ತು ವರ್ಷ ಕಳೆದು, ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸಿಡಿ4 ಕಣಗಳು 200ಕ್ಕಿಂತ ಕೆಳಗಿಳಿದಾಗ ಅಥವಾ ಕೆಲವು ನಿರ್ದಿಷ್ಟ ಕಾಯಿಲೆಗಳು ಹಿಡಿದಾಗ ಆ ಹಂತವನ್ನು ಏಡ್ಸ್ ಅನ್ನುತ್ತಾರೆ. ಆರೋಗ್ಯವಂತರಲ್ಲಿ ಈ ಕಣಗಳು 500ರಿಂದ 1,500ರವರೆಗೆ ಇರುತ್ತವೆ. ನನ್ನಲ್ಲಿಗೆ ಬರುವ ಸೋಂಕಿತರಲ್ಲಿ ಬಹುಪಾಲು ಜನ ಏಡ್ಸ್ ಹಂತವನ್ನು ಕಂಡೇ ಇಲ್ಲ. ಮಾತ್ರೆ ಬಿಡದಿದ್ದರೆ ಕಾಣುವ ಪ್ರಮೇಯವೂ ಬರುವುದಿಲ್ಲ.

ಎರಡನೆಯದು ದೊಡ್ಡದು. 1996ರಿಂದ ಮೂರು ಔಷಧ ಒಟ್ಟಿಗೆ ಕೊಡುವ ಪದ್ಧತಿ ಬಂತು. ಈಗ ಎಷ್ಟೋ ಜನರಿಗೆ ದಿನಕ್ಕೆ ಒಂದೇ ಮಾತ್ರೆ. ಬೇಗ ಶುರು ಮಾಡಿ ಬಿಡದೆ ತೆಗೆದುಕೊಂಡವರು ಹೆಚ್ಚುಕಡಿಮೆ ಬೇರೆಯವರಷ್ಟೇ ಕಾಲ ಬದುಕುತ್ತಿದ್ದಾರೆ. 2004ರಲ್ಲಿ ಪ್ರಪಂಚದಲ್ಲಿ ಸುಮಾರು 21 ಲಕ್ಷ ಜನ ಏಡ್ಸ್‌ನಿಂದ ಸತ್ತಿದ್ದರು. 2024ರಲ್ಲಿ ಸುಮಾರು 6.3 ಲಕ್ಷ. ಅದೂ ಸಣ್ಣ ಸಂಖ್ಯೆಯಲ್ಲ. ಆದರೆ ಆ ಇಳಿಕೆ ಹೆದರಿಕೆಯಿಂದ ಬಂದದ್ದಲ್ಲ, ಮಾತ್ರೆಯಿಂದ ಬಂದದ್ದು.

ಮಾತ್ರೆ ಮಾಡುವ ಇನ್ನೊಂದು ಕೆಲಸವಿದೆ. ನಿಮ್ಮ ಪೋಸ್ಟರ್‌ಗಳಲ್ಲಿ ಅದನ್ನು ನಾನು ಇವತ್ತಿನವರೆಗೂ ಕಂಡಿಲ್ಲ. ದಯವಿಟ್ಟು ಇಲ್ಲಿ ನಿಧಾನ ಓದಿ. ಮಾತ್ರೆ ಸರಿಯಾಗಿ ತೆಗೆದುಕೊಂಡರೆ ಕೆಲವು ತಿಂಗಳಲ್ಲಿ ರಕ್ತದಲ್ಲಿರುವ ವೈರಸ್ ಎಣಿಕೆ, ಅಂದರೆ ವೈರಲ್ ಲೋಡ್, ಯಂತ್ರಕ್ಕೂ ಸಿಗದಷ್ಟು ಇಳಿಯುತ್ತದೆ. ಹಾಗೆ ಇಳಿದು ಅಲ್ಲೇ ನಿಂತವರಿಂದ ಲೈಂಗಿಕ ಸಂಗಾತಿಗೆ ಸೋಂಕು ಹರಡುವುದಿಲ್ಲ. ಕಡಿಮೆ ಹರಡುತ್ತದೆ ಅಂತಲ್ಲ, ಹರಡುವುದಿಲ್ಲ.

ಇದನ್ನು ಹೇಳಿದಾಗ ಎದುರಿಗೆ ಕೂತವರು ನನ್ನ ಮುಖ ನೋಡುತ್ತಾರೆ, ಸಮಾಧಾನಕ್ಕೆ ಹೇಳುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಆಗ ನಾನು ಒಂದು ಅಧ್ಯಯನದ ವಿಷಯ ತೆಗೆಯುತ್ತೇನೆ. ಪಾರ್ಟ್‌ನರ್ ಅಂತ ಅದರ ಹೆಸರು, ಯುರೋಪಿನ ಹಲವು ದೇಶಗಳಲ್ಲಿ ನಡೆದದ್ದು. 2019ರಲ್ಲಿ ಪ್ರಕಟವಾದ ಎರಡನೇ ಹಂತದಲ್ಲಿ 782 ಗಂಡು ಜೋಡಿಗಳ ಲೆಕ್ಕವಿತ್ತು. ಪ್ರತಿ ಜೋಡಿಯಲ್ಲೂ ಒಬ್ಬರಿಗೆ ಸೋಂಕಿದೆ, ಮಾತ್ರೆಯಿಂದ ಹತೋಟಿಯಲ್ಲಿದೆ. ಇನ್ನೊಬ್ಬರಿಗೆ ಇಲ್ಲ. ಕಾಂಡೋಮ್ ಇಲ್ಲದೆ ಅವರು ಕೂಡಿದ್ದು ಒಟ್ಟು 76,000ಕ್ಕೂ ಹೆಚ್ಚು ಸಲ. ಆ ಅವಧಿಯಲ್ಲಿ 15 ಜನರಿಗೆ ಹೊಸದಾಗಿ ಸೋಂಕು ಬಂತು. "ನೋಡಿದ್ರಾ, ಬಂತಲ್ಲ!" ಅಂತ ಇಲ್ಲಿ ಎಲ್ಲರೂ ನನ್ನನ್ನು ತಡೆಯುತ್ತಾರೆ. ತಡೆಯಿರಿ, ಕಥೆ ಇನ್ನೂ ಇದೆ. ವಿಜ್ಞಾನಿಗಳು ಆ 15 ಜನರ ವೈರಸ್ಸಿನ ವಂಶವಾಹಿಯನ್ನು ಅವರವರ ಸಂಗಾತಿಯ ವೈರಸ್ ಜೊತೆ ಹೋಲಿಸಿದರು. ಒಂದೂ ಹೊಂದಲಿಲ್ಲ. ಆ ಹದಿನೈದೂ ಬೇರೆಯವರಿಂದ ಬಂದವು. ಮಾತ್ರೆ ನುಂಗುತ್ತಿದ್ದ ಸಂಗಾತಿಯಿಂದ ಬಂದದ್ದು ಸೊನ್ನೆ.

ಗಡಿಯನ್ನೂ ಹೇಳಬೇಕು, ಇಲ್ಲದಿದ್ದರೆ ನಾನೂ ಅರ್ಧ ಮಾತು ಹೇಳಿದಂತೆ. ಈ ಸೊನ್ನೆ ಲೈಂಗಿಕ ದಾರಿಗೆ ಮಾತ್ರ. ಸಿರಿಂಜ್ ಹಂಚಿಕೊಳ್ಳುವುದಕ್ಕೆ ಇದು ರಹದಾರಿಯಲ್ಲ. ಎದೆಹಾಲಿನ ವಿಷಯದಲ್ಲಿ ಮಾತ್ರೆ ಅಪಾಯವನ್ನು ತೀರಾ ಇಳಿಸುತ್ತದೆ, ಆದರೆ ಸೊನ್ನೆ ಅನ್ನುವ ಮಾತನ್ನು ಅಲ್ಲಿ ಬಳಸುವುದಿಲ್ಲ. ಸಿಫಿಲಿಸ್, ಗೊನೋರಿಯಾದಂಥ ಬೇರೆ ಲೈಂಗಿಕ ಕಾಯಿಲೆಗಳನ್ನು ಈ ಮಾತ್ರೆ ತಡೆಯುವುದಿಲ್ಲ, ಅದಕ್ಕೆ ಕಾಂಡೋಮೇ ಬೇಕು.

ಹಾಗಾದರೆ ಸೋಂಕು ಹರಡುತ್ತಿರುವುದು ಯಾರಿಂದ? ಬಹುಪಾಲು, ತಮಗೆ ಸೋಂಕಿದೆ ಎಂದೇ ಗೊತ್ತಿಲ್ಲದವರಿಂದ, ಗೊತ್ತಿದ್ದೂ ಮಾತ್ರೆ ಸಿಗದವರಿಂದ ಅಥವಾ ಬಿಟ್ಟವರಿಂದ. 2024ರಲ್ಲಿ ಪ್ರಪಂಚದಲ್ಲಿ ಎಚ್‌ಐವಿ ಇದ್ದವರು ಸುಮಾರು 4.08 ಕೋಟಿ. ಅವರಲ್ಲಿ ಸುಮಾರು 53 ಲಕ್ಷ ಜನರಿಗೆ ಅದು ಗೊತ್ತೇ ಇರಲಿಲ್ಲ. ಸೋಂಕು ತಗಲಿದ ಮೊದಲ ವಾರಗಳಲ್ಲೇ ರಕ್ತದಲ್ಲಿ ವೈರಸ್ ಉಕ್ಕಿ ಹರಿಯುವುದು, ಹರಡುವುದು ಅತಿ ಸುಲಭವಾಗಿರುವುದೂ ಆಗಲೇ. ಆಗ ಕಾಣುವುದಾದರೂ ಏನು? ಎರಡರಿಂದ ನಾಲ್ಕು ವಾರದಲ್ಲಿ ಜ್ವರ, ಗಂಟಲು ನೋವು, ಮೈಮೇಲೆ ದದ್ದು. ಎಷ್ಟೋ ಜನರಿಗೆ ಅದೂ ಇಲ್ಲ. ಫ್ಲೂ ಬಂದು ಹೋಯಿತು ಅಂದುಕೊಂಡು ಮರೆಯುತ್ತಾರೆ. ಆಮೇಲೆ ವರ್ಷಗಟ್ಟಲೆ ಮೈ ಕೈ ಗಟ್ಟಿಯಾಗಿಯೇ ಇರುತ್ತದೆ.

ಈಗ ನಿಮ್ಮ ಪೋಸ್ಟರ್ ಮಾಡುವ ಕೆಲಸ ನೋಡಿ. ಎಚ್‌ಐವಿ ಅಂದರೆ ತಲೆಬುರುಡೆ ಅಂತ ಹೇಳಿದ ಮೇಲೆ, ತನ್ನಲ್ಲಿ ಅದು ಇರಬಹುದು ಅನ್ನುವ ಅನುಮಾನ ಬಂದವನು ಪರೀಕ್ಷೆಗೆ ಯಾಕೆ ಬರುತ್ತಾನೆ? ಗೊತ್ತಾಗದಿದ್ದರೇ ವಾಸಿ ಅಂತ ಸುಮ್ಮನಾಗುತ್ತಾನೆ. ಹೆದರಿದವನು ಪರೀಕ್ಷೆ ಮಾಡಿಸುವುದಿಲ್ಲ, ಮಾಡಿಸದವನಿಗೆ ಮಾತ್ರೆ ಇಲ್ಲ, ಮಾತ್ರೆ ಇಲ್ಲದವನಿಂದ ಹರಡುತ್ತದೆ. ಜಾಗೃತಿಗೆ ಅಂತ ಅಂಟಿಸಿದ ಹಾಳೆ ಸೋಂಕಿಗೆ ಸಹಾಯ ಮಾಡುತ್ತಿದೆ. ಜೊತೆಗೆ, ನಿಯಮಿತವಾಗಿ ಮಾತ್ರೆ ನುಂಗಿ ಯಾರಿಗೂ ಹರಡದ ಸ್ಥಿತಿಯಲ್ಲಿರುವವರನ್ನು ಕಂಡರೆ ಜನ ದೂರ ಓಡುತ್ತಾರೆ. ನಾನು ಹಿಂದೆ ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ಸೋಂಕಿರುವವರ ಫೈಲಿನ ಮೇಲೆ ಕೆಂಪು ಇಂಕಿನಲ್ಲಿ ದೊಡ್ಡದಾಗಿ ಗುರುತು ಹಾಕುತ್ತಿದ್ದರು. ಫೈಲ್ ಹಿಡಿದು ಸಾಲಿನಲ್ಲಿ ನಿಂತವರು ಅದನ್ನು ಎದೆಗೆ ಒತ್ತಿ ಹಿಡಿಯುತ್ತಿದ್ದರು, ಗುರುತು ಒಳಗಡೆಗೆ ಬರುವ ಹಾಗೆ. ಕೆಲವರು ಮುಂದಿನ ತಿಂಗಳು ಬರಲೇ ಇಲ್ಲ.

ಪರೀಕ್ಷೆ ಅಂದರೆ ಏನು ಅಂತಲೂ ನೀವು ತೋರಿಸಬಹುದಿತ್ತು. ಅದು ಅಷ್ಟು ಸರಳ. ಬೆರಳ ತುದಿಗೆ ಒಂದು ಚುಚ್ಚು. ಬೆರಳುದ್ದದ ಪ್ಲಾಸ್ಟಿಕ್ ಕಿಟ್ಟಿನ ಗುಳಿಗೆ ಒಂದು ಹನಿ ರಕ್ತ, ಅದರ ಮೇಲೆ ಒಂದೆರಡು ಹನಿ ದ್ರಾವಣ. ಬಿಳಿ ಪಟ್ಟಿಯ ಮೇಲೆ ಗುಲಾಬಿ ಬಣ್ಣ ಮೆಲ್ಲಗೆ ಹತ್ತಿಕೊಂಡು ಹೋಗುತ್ತದೆ. ಮೊದಲ ಗೆರೆ ಕಿಟ್ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ, ಅದು ಎಲ್ಲರಿಗೂ ಬರಲೇಬೇಕು. ಆ ಗೆರೆ ಮೂಡುವುದನ್ನು ನೋಡಿಯೇ ಬೆವರಿದವರಿದ್ದಾರೆ, ಅದಕ್ಕೇ ನಾನು ಮೊದಲೇ ಹೇಳಿಬಿಡುತ್ತೇನೆ. ಎರಡನೇ ಗೆರೆಯೂ ಬಂದರೆ ಅಲ್ಲಿಗೇ ತೀರ್ಮಾನವಲ್ಲ, ಬೇರೆ ಬೇರೆ ಕಿಟ್‌ಗಳಲ್ಲಿ ಮತ್ತೆ ಪರೀಕ್ಷಿಸಿ ಖಚಿತ ಮಾಡುತ್ತಾರೆ. ಫಲಿತಾಂಶಕ್ಕೆ ಕಾಯುವ ಆ ಹದಿನೈದು ಇಪ್ಪತ್ತು ನಿಮಿಷ ಎದುರಿಗೆ ಕೂತವರ ಕಣ್ಣು ಎಲ್ಲಿರುತ್ತದೆ ಗೊತ್ತಾ? ನಿಮ್ಮ ತಲೆಬುರುಡೆಯ ಮೇಲೆ. ಬೇರೆ ನೋಡಲು ಆ ಕೋಣೆಯಲ್ಲಿ ಏನೂ ಇಲ್ಲ.

ಇನ್ನೆರಡು ವಿಷಯ ಬೇಗ ಹೇಳಿಬಿಡುತ್ತೇನೆ, ಎರಡೂ ಗಡಿಯಾರಕ್ಕೆ ಸಂಬಂಧಪಟ್ಟವು. ಸೋಂಕು ತಗಲಿದ ಮರುದಿನವೇ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಬೆರಳು ಚುಚ್ಚಿ ಮಾಡುವ ಪರೀಕ್ಷೆ ಹುಡುಕುವುದು ವೈರಸ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು, ಅವು ಕಾಣಲು ಸುಮಾರು 23ರಿಂದ 90 ದಿನ ಬೇಕು. ಇದನ್ನೇ ವಿಂಡೋ ಪೀರಿಯಡ್ ಅನ್ನುವುದು. ಮರುದಿನ ಪರೀಕ್ಷೆ ಮಾಡಿಸಿ, ಇಲ್ಲ ಅಂತ ಬಂದದ್ದಕ್ಕೆ ನಿಶ್ಚಿಂತೆಯಾಗಿ ಹೋದವರನ್ನು ಮತ್ತೆ ಕರೆಸಬೇಕಾಗುತ್ತದೆ. ಆದರೆ ಮರುದಿನ ಬಂದವರನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ. ಕಾಂಡೋಮ್ ಹರಿದಿರಬಹುದು, ಬಲಾತ್ಕಾರ ಆಗಿರಬಹುದು, ಸೂಜಿ ಚುಚ್ಚಿರಬಹುದು. 72 ಗಂಟೆಯ ಒಳಗೆ ಮಾತ್ರೆ ಶುರು ಮಾಡಿ 28 ದಿನ ತೆಗೆದುಕೊಂಡರೆ ಸೋಂಕು ಊರುವುದನ್ನೇ ತಡೆಯಬಹುದು. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು. ಪೆಪ್ ಅಂತ ಇದರ ಹೆಸರು. ನಾಲ್ಕನೇ ದಿನ ಬಂದು "ಇಂಥದ್ದೊಂದಿದೆ ಅಂತ ಯಾರೂ ಹೇಳಲೇ ಇಲ್ಲ" ಅಂದವರ ಎದುರು ಕೂತು ನೋಡಿ, ಆಗ ಗೊತ್ತಾಗುತ್ತದೆ ನಿಮ್ಮ ಪೋಸ್ಟರಿನಲ್ಲಿ "72 ಗಂಟೆ" ಇರಬೇಕಿತ್ತು ಅಂತ. ಸೋಂಕಿಲ್ಲದವರು ಮುಂಚಿತವಾಗಿಯೇ ತೆಗೆದುಕೊಳ್ಳುವ ಮಾತ್ರೆಯೂ ಇದೆ, ಪ್ರೆಪ್ ಅನ್ನುತ್ತಾರೆ. 2025ರಲ್ಲಿ ಆರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಲೆನಕಪವಿರ್ ಚುಚ್ಚುಮದ್ದಿಗೂ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಒಂದು ದೊಡ್ಡ ಪ್ರಯೋಗದಲ್ಲಿ ಈ ಚುಚ್ಚುಮದ್ದು ಪಡೆದ 2,000ಕ್ಕೂ ಹೆಚ್ಚು ಹೆಣ್ಣುಮಕ್ಕಳಲ್ಲಿ ಒಬ್ಬರಿಗೂ ಸೋಂಕು ತಗಲಿರಲಿಲ್ಲ. ವಿಜ್ಞಾನ ಇಲ್ಲಿಗೆ ಬಂದಿದೆ, ನಮ್ಮ ಗೋಡೆ ಇನ್ನೂ ಅಲ್ಲೇ ಇದೆ.

ಬರೀ ತಕರಾರು ಹೇಳಿ ಹೋಗುವುದು ಸರಿಯಲ್ಲ, ಅಲ್ವಾ? ಒಂದು ಕರಡು ಬರೆದಿದ್ದೇನೆ. ತಿದ್ದಿಕೊಳ್ಳಿ, ನನ್ನ ಹೆಸರು ಬೇಡ.

"ಎಚ್‌ಐವಿ ಹರಡುವುದು ಕಾಂಡೋಮ್ ಇಲ್ಲದ ಲೈಂಗಿಕ ಕ್ರಿಯೆಯಿಂದ, ಇನ್ನೊಬ್ಬರು ಬಳಸಿದ ಸಿರಿಂಜಿನಿಂದ, ಪರೀಕ್ಷಿಸದ ರಕ್ತದಿಂದ, ಚಿಕಿತ್ಸೆ ಇಲ್ಲದ ತಾಯಿಯಿಂದ ಮಗುವಿಗೆ. ಮುಟ್ಟಿದರೆ, ಅಪ್ಪಿಕೊಂಡರೆ, ಮುತ್ತು ಕೊಟ್ಟರೆ, ಒಂದೇ ತಟ್ಟೆಯಲ್ಲಿ ಉಂಡರೆ ಹರಡುವುದಿಲ್ಲ. ಮಾತ್ರೆ ತೆಗೆದುಕೊಂಡು ವೈರಸ್ ಕಾಣದಷ್ಟು ಇಳಿದವರಿಂದ ಲೈಂಗಿಕವಾಗಿ ಹರಡುವುದಿಲ್ಲ. ಅನುಮಾನವಿದೆಯೇ? ಒಂದು ಹನಿ ರಕ್ತ, ಇಪ್ಪತ್ತು ನಿಮಿಷ. ಮೂರು ದಿನದ ಒಳಗೆ ಬಂದರೆ ತಡೆಯುವ ಮಾತ್ರೆಯೂ ಇದೆ."

ಚಿತ್ರ ಬೇಕೇ ಬೇಕು ಅಂದರೆ ಅಮ್ಮನ ಮಡಿಲಲ್ಲಿ ಮಲಗಿದ ಮಗುವಿನದು ಹಾಕಿ. ಆ ತಾಯಿ ಈಗಲೂ ತಿಂಗಳಿಗೊಮ್ಮೆ ಬರುತ್ತಾರೆ. ಮೊನ್ನೆ ಮಗಳನ್ನೂ ಕರೆತಂದಿದ್ದರು. ಮಗು ಅಮ್ಮನ ತೊಡೆ ಮೇಲೆ ಕೂತು ಗೋಡೆ ನೋಡಿ, "ಅದು ಯಾರ ತಲೆ?" ಅಂತ ಕೇಳಿತು. ನನಗೆ ಉತ್ತರ ಹೊಳೆಯಲಿಲ್ಲ.

ಗೋಡೆಯ ಅಳತೆ ತೆಗೆದಿಟ್ಟಿದ್ದೇನೆ. ಎರಡು ಅಡಿ ಅಗಲ, ಮೂರು ಅಡಿ ಎತ್ತರ. ಹೊಸದು ಬರುವವರೆಗೆ ಹಳೆಯದರ ಮೇಲೆ ಒಂದು ಕ್ಯಾಲೆಂಡರ್ ತೂಗುಹಾಕಿದ್ದೇನೆ.

ಇಂತಿ,
ಗೋಡೆಯ ಎದುರು ಕೂರುವ ಒಬ್ಬ ಕೌನ್ಸೆಲರ್